ನೀರು ಸೋರದ ಬಚ್ಚಲು

ಕೋಟು ಹಾಕಿಕೊಂಡು ಬಂದವನ ಮಾತನ್ನು ನಾನು ತಟ್ಟನೆ ನಂಬಿಬಿಡುತ್ತೇನೆ. ಎಳೆತನದಿಂದ ಅಂಟಿದ ರೋಗ ಇದು. ಶಿರಸಿಯ ಕಚೇರಿಯಲ್ಲಿ ಕಾರಕೂನನಾದ ಮೇಲೆ ಉಲ್ಬಣಿಸಿದೆ. ಬರಿಮೈಯ ರೈತ ಬಂದು ಸೂರ್ಯ ಮೂಡಣಕ್ಕೆ ಹುಟ್ಟುತ್ತಾನೆಂದರೆ ದಾಖಲೆ ಕೇಳುತ್ತೇನೆ. ಕೋಟಿನವನು ಪಡುವಣಕ್ಕೆ ಎಂದರೆ "ಇರಬಹುದು, ಈಚೆಗೆ ಎಲ್ಲವೂ ಬದಲಾಗುತ್ತಿದೆ" ಎನ್ನುತ್ತೇನೆ. ಒಮ್ಮೆ ಹುಬ್ಬಳ್ಳಿಯ ಮೋಟಾರಿನಿಂದ ಇಳಿದ ಕೋಟಿನವನೊಬ್ಬ ಕೂದಲು ಬರಿಸುವ ಎಣ್ಣೆಯೆಂದು ಒಂದು ಶೀಸೆ ಕೊಟ್ಟು ಹೋದ. ಕೂದಲು ಬರಲಿಲ್ಲ, ದಿಂಬು ಹಸಿರಾಯಿತು. ಆಗಲೂ ತಪ್ಪು ದಿಂಬಿನದೇ ಎಂದು ಮನೆಯಾಕೆಯೊಡನೆ ವಾದಿಸಿದವನು ನಾನು.

ಇಂಥವನ ಮನೆಗೆ ಕಂತ್ರಾಟುದಾರ ದತ್ತೋಪಂತರು ಬಂದರು. ಬರಲು ಕಾರಣವಿತ್ತು. ನಮ್ಮ ಬಚ್ಚಲಿನದು ಹಳೆಯ ಕಲ್ಲುಚಪ್ಪಡಿ. ಅದರ ಮೇಲೆ ಪಾಚಿ. ಹಿಂದಿನ ವರ್ಷ ಆಯಿ, ಎಂದರೆ ನನ್ನ ತಾಯಿ, ಅಲ್ಲಿ ಜಾರಿ ಬಿದ್ದು ಸೊಂಟ ನೋಯಿಸಿಕೊಂಡು ನಲವತ್ತು ದಿನ ಹಾಸಿಗೆ ಹಿಡಿದಿದ್ದಳು. ಎದ್ದ ಮೇಲೂ ಬಚ್ಚಲಿಗೆ ಹೋಗುವಾಗ ಗೋಡೆ ಹಿಡಿದು, ದೇವರ ಹೆಸರು ಹೇಳುತ್ತ ಹೋಗುತ್ತಿದ್ದಳು. ಇನ್ನೊಮ್ಮೆ ಬಿದ್ದರೆ ಆಯಿ ಏಳುವುದು ಕಷ್ಟವೆಂದು ವೈದ್ಯರು ಹೇಳಿದ್ದರು. ಹಾಗಾಗಿ ಸಿಮೆಂಟಿನ ಬಚ್ಚಲು ಮಾಡಿಸುವುದೆಂದು ನಿಶ್ಚಯಿಸಿದೆ.

ಪಂತರ ಕೋಟಿನ ಜೇಬಿನಲ್ಲಿ ಎರಡು ಪೆನ್ಸಿಲು, ಕೈಯಲ್ಲಿ ಮಡಚುವ ಅಳತೆಕಡ್ಡಿ. ಕಡ್ಡಿಯನ್ನು ಚಟಚಟನೆ ಬಿಚ್ಚಿ ಬಚ್ಚಲನ್ನು ಅಳೆದರು. ಹುರುಪಿನಲ್ಲಿ ಹಂಡೆಯನ್ನೂ ಅಳೆದರು. "ಕಾರಕೂನ ಸಾಹೇಬ್ರ, ನಾ ಸೇತುವಿ ಕಟ್ಟಿದಾವ. ನಿಮ್ಮ ಬಚ್ಚಲಾ ಅಂದ್ರ ಏನ್ರಿ, ಎಡಗೈ ಕೆಲಸ" ಎಂದರು. ಕೊನೆಗೆ ಆ ಕೆಲಸಕ್ಕೆ ಅವರು ಎಡಗೈಯನ್ನೂ ಹಾಕಲಿಲ್ಲ.

ಆಯಿ ಬಾಗಿಲಲ್ಲಿ ನಿಂತು ನೋಡುತ್ತಿದ್ದವಳು, "ತಮಾ, ಆ ಕಲ್ಲನ್ನೇ ಒಂಚೂರು ಉಳಿಯಲ್ಲಿ ಕೊಚ್ಚಿಸಿದ್ರೆ ಸಾಕಾಗ್ತಿತ್ತು. ಸಿಮೆಂಟು ಎಂತಕ್ಕೆ?" ಎಂದಳು. ನಾನು ನಕ್ಕೆ. ಆಯಿಯ ಮೈಮೇಲೆ ಕೋಟಿರಲಿಲ್ಲವಲ್ಲ.

ಕರಾರುಪತ್ರವನ್ನು ನಾನೇ ಬರೆದೆ. ಕಚೇರಿಯಲ್ಲಿ ನನ್ನ ಬರವಣಿಗೆಗೆ ಹೆಸರಿದೆ. ಹದಿನಾರು ಕಲಮುಗಳು. "ಸದರಿ ಬಚ್ಚಲಿನಿಂದ ನೀರು ಕಿಂಚಿತ್ತಾದರೂ ಸೋರತಕ್ಕದ್ದಲ್ಲ" ಎಂಬ ಒಂಬತ್ತನೆಯ ಕಲಮನ್ನು ನಾನೇ ಎರಡು ಸಲ ಗಟ್ಟಿಯಾಗಿ ಓದಿದೆ. ಪಂತರು ಕಣ್ಣುಮುಚ್ಚಿ ತಲೆದೂಗಿ ರುಜು ಹಾಕಿದರು, ಮೋಟಾರು ಹತ್ತಿದರು. ಆಮೇಲೆ ಒಂದೂವರೆ ತಿಂಗಳು ಅವರ ಕೋಟೂ ಕಾಣಲಿಲ್ಲ. ವಿಚಾರಿಸಿದರೆ ಬನವಾಸಿಯಲ್ಲಿದ್ದಾರೆಂದು ಒಬ್ಬ, ಈಗ ತಾನೇ ಯಲ್ಲಾಪುರಕ್ಕೆ ಹೋದರೆಂದು ಇನ್ನೊಬ್ಬ. ಒಂದೇ ದಿನ ಅವರನ್ನು ಮೂರು ತಾಲೂಕಿನಲ್ಲಿ ಕಂಡವರಿದ್ದರು. ಇಂಥ ಮಹಿಮೆ ಪುರಾಣಗಳಲ್ಲಿ ಋಷಿಗಳಿಗೆ ಮಾತ್ರ ಉಂಟು. ಅವರಾದರೂ ಮುಂಗಡ ತೆಗೆದುಕೊಳ್ಳುತ್ತಿರಲಿಲ್ಲ.

ಕಡೆಗೊಂದು ದಿನ ಗುಡ್ನಾಪುರದ ನಿಂಗಪ್ಪನೆಂಬ ಗಟ್ಟಿ ಆಳು ಸಿಮೆಂಟಿನ ಚೀಲದೊಂದಿಗೆ ಬಂದ. ಪಂತರು ಕೆಲಸವನ್ನು ಯಲ್ಲಾಪುರದ ಮೇಸ್ತ್ರಿಯೊಬ್ಬನಿಗೆ ವಹಿಸಿದ್ದರಂತೆ. ಆ ಮೇಸ್ತ್ರಿ ನಿಂಗಪ್ಪನಿಗೆ ವಹಿಸಿದ್ದನಂತೆ. ನಿಂಗಪ್ಪನಿಗೆ ವಹಿಸಲು ಯಾರೂ ಸಿಕ್ಕದ್ದರಿಂದ ಅವನೇ ಬಂದಿದ್ದ. ಒಳ್ಳೆಯ ಕೆಲಸಗಾರ. ನಾಲ್ಕು ದಿನ ತಲೆಯೆತ್ತದೆ ದುಡಿದ. ಅವನ ಹಿಂದೆ ಕುರ್ಚಿ ಹಾಕಿಕೊಂಡು ನಾನು ಮೇಲ್ವಿಚಾರಣೆ ಮಾಡಿದೆ, ಎಂದರೆ ಪತ್ರಿಕೆ ಓದಿದೆ. ಮೂರನೆಯ ದಿನ ಅವನು ಕೈ ಒರೆಸಿಕೊಂಡು, "ಯಪ್ಪಾ, ಮೂಲ್ಯಾಗ ಒಂದು ತೂತು ಇತ್ರಿ. ಅದನ್ನೂ ಗಟ್ಟಿ ಮುಚ್ಚೇನಿ" ಎಂದ. "ಭೇಷ್!" ಎಂದು ನಾನು ಪುಟ ತಿರುವಿದೆ.

ಶನಿವಾರ ಹೊಸ ಬಚ್ಚಲಿನ ಪ್ರವೇಶ. ಮನೆಯ ಯಜಮಾನನೆಂದು ಮೊದಲ ಎಣ್ಣೆಸ್ನಾನ ನನ್ನದೇ. ನೆಲ ಕನ್ನಡಿಯಂತಿತ್ತು, ಬಗ್ಗಿದರೆ ನನ್ನ ಮುಖ ಕಾಣುತ್ತಿತ್ತು. ನಾಲ್ಕು ಚೊಂಬು ಹೊಯ್ದುಕೊಳ್ಳುವಷ್ಟರಲ್ಲಿ ನೀರು ಪಾದ ಮುಚ್ಚಿತು. ಹತ್ತಾದಾಗ ಕಾಲಿನ ಹರಡಿಗೆ ಬಂತು. ಕಣ್ಣಿನ ತುಂಬ ಸೀಗೆಪುಡಿ, ನನಗೇನೂ ಕಾಣುತ್ತಿಲ್ಲ. ಇದೇನು ಸುಖ, ಹೊಳೆಯಲ್ಲಿ ಮಿಂದಂತಿದೆ ಎಂದುಕೊಳ್ಳುತ್ತಿರುವಾಗಲೇ ಅಡಿಗೆಮನೆಯಿಂದ ಮನೆಯಾಕೆಯ ಕೂಗು: "ಹೋಯ್! ಎಂತ ಮಾಡ್ತಾ ಇದ್ರಿ ಒಳಗೆ? ನೀರೆಲ್ಲ ಒಲೆ ಬುಡಕ್ಕೆ ಬಂತು!" ಗಾಬರಿಯಲ್ಲಿ ಎದ್ದೆ. ಕನ್ನಡಿಯ ಮೇಲೆ ಎಣ್ಣೆ, ಎಣ್ಣೆಯ ಮೇಲೆ ನಾನು. ಎದ್ದಷ್ಟೇ ಬೇಗ ಕೂತೆ. ಕೂತ ರಭಸಕ್ಕೆ ಇನ್ನಷ್ಟು ನೀರು ಹೊಸಿಲು ದಾಟಿ ಒಲೆಯನ್ನು ಆರಿಸಿತು. ಬಾಗಿಲಾಚೆಯಿಂದ ಆಯಿ ಶಾಂತವಾಗಿ ಕೇಳಿದಳು: "ಸೊಂಟ ಸರಿ ಇದ್ದನೋ, ತಮಾ?"

ನಾನು ಬಿದ್ದದ್ದಕ್ಕೆ ನಗು ಬರುತ್ತದೆ. ಅಂದು ಮೊದಲು ಆಯಿ ಹೋಗಿದ್ದರೆ ಎಂದು ನೆನೆದರೆ ಈಗಲೂ ಬೆವರುತ್ತೇನೆ.

ಕುಂಟುತ್ತಲೇ ಪಂತರನ್ನು ಹುಡುಕಿ ಹೊರಟೆ. ಚಹದಂಗಡಿಯಲ್ಲಿ ಸಿಕ್ಕರು. ನಾನು ಕೂಗಾಡಿದ್ದನ್ನೆಲ್ಲ ಬಶಿಯಲ್ಲಿ ಚಹ ಆರಿಸುತ್ತ ಕೇಳಿದರು. "ನೀರು ನಿಂತಾವ ಅಂತೀರಿ. ಅಂದ್ರ ಸೋರಿಲ್ಲ. ಕಾಗದ ತಗೀರಿ, ಒಂಬತ್ತನೇ ಕಲಮು ಓದ್ರಿ. ನೀವ ಬರದದ್ದು. ಒಂದು ಹನಿ ಸೋರಿದ್ರ ಹೇಳ್ರಿ, ಈಗ ಬಂದು ಕಿತ್ತು ಹಾಕ್ತೀನಿ." ಜೇಬಿನಿಂದ ಕಾಗದ ತೆಗೆದು ಓದಿದೆ. ಹದಿನಾರು ಕಲಮುಗಳಲ್ಲಿ ನೀರು ಹೊರಗೆ ಹೋಗಬೇಕೆಂದು ಎಲ್ಲಿಯೂ ಬರೆದಿರಲಿಲ್ಲ. ಹದಿಮೂರನೆಯ ಕಲಮು ಮಾತ್ರ ಚೆನ್ನಾಗಿತ್ತು. ಭೂಕಂಪವಾದರೆ ಯಾರು ಹೊಣೆ ಎಂಬುದನ್ನು ಅದು ವಿವರವಾಗಿ ಹೇಳುತ್ತಿತ್ತು.

ಎಂಟು ದಿನ ನಾವು ಹಿತ್ತಿಲಲ್ಲಿ ಸೋಗೆಯ ಮರೆ ಕಟ್ಟಿಕೊಂಡು ಮಿಂದೆವು. ನಾನು ಮೇಲಿನವರಿಗೆ ಅರ್ಜಿ ಬರೆಯುತ್ತಿದ್ದೆ. ಆಯಿ ಬನವಾಸಿಯ ಗಾಡಿಯವನ ಕೈಯಲ್ಲಿ ನಿಂಗಪ್ಪನಿಗೆ ಹೇಳಿಕಳಿಸಿದಳು. ಸಂತೆಯ ದಿನ ಅವನು ಬಂದ. ಬಚ್ಚಲಲ್ಲಿ ನಿಂತ ನೀರನ್ನು ಕಂಡು ಅವನ ಮುಖ ಅರಳಿತು. "ಹೆಂಗ ನಿಂತಾವ ನೋಡ್ರಿ ಅವ್ವಾ! ನಮ್ಮದು ಕೆರಿ ಕೆಲಸ ರೀ. ಏರಿ ಕಟ್ಟೂದು, ತೂಬು ಬಿಗಿಯೂದು. ನೀರಿನ ಕೆಲಸ ಐತಿ, ಹೋಗು ಅಂದ ಮೇಸ್ತ್ರಿ. ನೀರು ಹೊರಗ ಬಿಡೂದು ಅಂತ ಯಾರೂ ಹೇಳಲಿಲ್ರಿ."

"ಈಗ ಆನು ಹೇಳ್ತಿ" ಎಂದು ಆಯಿ ಹೊಸಿಲ ಮೇಲೆ ಕೂತಳು. ಮೂಲೆಯ ತೂತು ಬಿಚ್ಚಿಸಿದಳು. ಅದರ ಕಡೆಗೆ ನೆಲವನ್ನು ಇಳಿಜಾರು ಮಾಡಿಸಿದಳು. ಕನ್ನಡಿಯಂಥ ಸಿಮೆಂಟನ್ನು ಕಾಲು ಹಿಡಿಯುವಂತೆ ಉಳಿಯಿಂದ ಕೊಚ್ಚಿಸಿದಳು. ಒಂದು ಮುಂಜಾವಿನ ಕೆಲಸ. ನಿಂಗಪ್ಪನಿಗೆ ಎಲೆ ಹಾಕಿ ದೋಸೆ ಬಡಿಸುತ್ತ ನನ್ನ ಕಡೆ ನೋಡಿದಳು. "ನೀನು ಕಾಗ್ದದಲ್ಲಿ ಬರದೆ, ಆನು ಬಾಯಲ್ಲಿ ಹೇಳಿದಿ. ಅಷ್ಟೇಯ." ಮರುದಿನದಿಂದ ಅವಳು ಗೋಡೆ ಹಿಡಿಯದೆ ಬಚ್ಚಲಿಗೆ ಹೋದಳು.

ಕಥೆ ಇಲ್ಲಿಗೇ ಮುಗಿದಿದ್ದರೆ ನನ್ನ ಮಾನ ಅಷ್ಟಿಷ್ಟಾದರೂ ಉಳಿಯುತ್ತಿತ್ತು. ತಿಂಗಳ ಮೇಲೆ ಒಂದು ಭಾನುವಾರ ಪಂತರು ನಗುನಗುತ್ತ ಬಂದರು. ಜೊತೆಗೆ ಸಿದ್ದಾಪುರದ ಒಬ್ಬ ನಿವೃತ್ತ ಮಾಸ್ತರರು. ಪಂತರು ಕೇಳದೆಯೇ ಒಳನುಗ್ಗಿ ಒಂದು ಕೊಡ ನೀರು ಹೊಯ್ದು, "ನೋಡ್ರಿ, ಒಂದು ಹನಿ ನಿಲ್ಲಂಗಿಲ್ಲ!" ಎಂದರು. ಬಯ್ಗುಳ ನನ್ನ ನಾಲಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಮಾಸ್ತರರು ನನ್ನ ಕಡೆ ತಿರುಗಿದರು. "ಯಮ್ಮನೇಲಿ ಹೆಂಡ್ತಿಗೆ ಕಣ್ಣು ಮಂಜು. ಜಾರದ್ದ ಹಾಂಗೆ ಇದ್ರೆ ಸಾಕು. ನಿಂಗೊ ಕಚೇರೀಲಿದ್ದವ್ವು, ತಿಳದವ್ವು. ಬಚ್ಚಲ ಕೆಲ್ಸ ಇವ್ರಿಗೆ ಕೊಡಲಕ್ಕನೋ?"

ನಿಜ ಹೇಳಬೇಕಿತ್ತು. ಹೇಳಿದರೆ ಕರಾರಿನ ಕಥೆ, 'ಭೇಷ್' ಎಂದ ಕಥೆ, ಆಯಿ ಸರಿಮಾಡಿಸಿದ ಕಥೆ ಎಲ್ಲವನ್ನೂ ಬಿಚ್ಚಬೇಕು, ಅದೂ ನನ್ನನ್ನು ತಿಳಿದವನೆಂದ ಮನುಷ್ಯನ ಮುಂದೆ. "ಧಾರಾಳವಾಗಿ ಕೊಡಿ. ಇದನ್ನು ನಾನೇ ನಿಂತು ಮಾಡಿಸಿದ್ದು" ಎಂದುಬಿಟ್ಟೆ. ಒಳಗೆ ಆಯಿ ಚೊಂಬನ್ನು ಕೆಳಗಿಟ್ಟ ಸದ್ದು ಕೇಳಿಸಿತು. ಮಾಸ್ತರರು ನನ್ನ ಎರಡೂ ಕೈ ಹಿಡಿದು ಉಪಕಾರ ಸ್ಮರಿಸಿ ಹೋದರು.

ಅಂದಿನಿಂದ ಸಿದ್ದಾಪುರದ ಕಡೆ ಕಚೇರಿಯ ಕೆಲಸ ಬಿದ್ದಾಗಲೆಲ್ಲ ನನಗೆ ಹೊಟ್ಟೆನೋವು. ಮಾಮಲೇದಾರರು ಕಷಾಯ ಕುಡಿಯಿರಿ ಎನ್ನುತ್ತಾರೆ. ಆಯಿ ಮಾತ್ರ, "ನಿಂಗಪ್ಪನ್ನ ಕರ್ಕಂಡು ಆ ಮಾಸ್ತರ ಮನಿಗೆ ಹೋಗಿ ಬಾ, ತಮಾ. ನೋವು ಗುಣ ಆಗ್ತು" ಎನ್ನುತ್ತಾಳೆ. ಬರುವ ವಾರ ಖಂಡಿತ ಹೋಗುತ್ತೇನೆ ಎಂದಿದ್ದೇನೆ. ಹೀಗೆ ಹೇಳಿದ್ದು ಇದು ನಾಲ್ಕನೆಯ ಸಲ.