ಬೆರಳು ನೋವಿಗೆ ಲ್ಯಾಬಿನ ಸಾಕ್ಷಿ

ದಿನಚರಿ ಬರೆಯುವ ಚಟ ನನಗೆ ಮದುವೆಗೆ ಮುಂಚಿನಿಂದಲೂ ಇದೆ. ಹಾಲು ಒಡೆದದ್ದು, ಸಿಲಿಂಡರ್ ಬಂದದ್ದು, ನಲ್ಲಿಯಲ್ಲಿ ನೀರು ಬಾರದಿದ್ದದ್ದು, ಎಲ್ಲವೂ ಅದರಲ್ಲಿವೆ. ಹಾಗಾಗಿ ಬೆಳಿಗ್ಗೆ ಏಳುತ್ತಲೇ ಬೆರಳುಗಳು ಮಡಚಲು ಬಾರದಂತೆ ನೋಯತೊಡಗಿದ್ದನ್ನೂ ಐದು ವಾರ ತಪ್ಪದೆ ಬರೆದೆ. ಬರೆದದ್ದನ್ನು ಮನೆಯವರಿಗೆ ಓದಿಯೂ ಹೇಳಿದೆ. ಯಜಮಾನರು ಪೇಪರಿನಿಂದ ತಲೆ ಎತ್ತದೆ, ವಯಸ್ಸಾದ ಮೇಲೆ ಅಷ್ಟೆಲ್ಲ ಇರುತ್ತದೆ ಎಂದರು. ಸೊಸೆ ಗೀತಾ ಎಣ್ಣೆ ಬಿಸಿ ಮಾಡಿಕೊಟ್ಟಳು. ಆಮೇಲೆ ಇಬ್ಬರೂ ರೊಟ್ಟಿಗೆ ಕಾದು ಕೂತರು. ನಮ್ಮ ಕಡೆ ಜೋಳದ ರೊಟ್ಟಿಯನ್ನು ಕೈಯಲ್ಲೇ ಬಡಿಯಬೇಕು. ನಮ್ಮ ಮನೆಯಲ್ಲಿ ಆ ಕೈ ನನ್ನದೇ ಆಗಬೇಕು.

ಕೊನೆಗೆ ಕೊಟ್ಟೂರಿನ ಡಾಕ್ಟರು ರಕ್ತ ಪರೀಕ್ಷೆ ಬರೆದುಕೊಟ್ಟರು. ಸಿಆರ್‌ಪಿ ಎಂಬ ಪ್ರೋಟೀನಂತೆ. ಅದು ಏರಿದ್ದರೆ ಕೀಲುವಾತದ ಅನುಮಾನಕ್ಕೆ ಬಲ ಬರುತ್ತದಂತೆ. ವಾತವೇ ಆದರೆ ಬದುಕಿರುವಷ್ಟು ಕಾಲ ಮಾತ್ರೆ. ವರದಿ ಬಂತು. ಮಿತಿ ಮೀರಿದೆ ಎನ್ನಲು ಅಂಕಿಯ ಪಕ್ಕದಲ್ಲಿ ಒಂದು ಚುಕ್ಕಿ. ಅದನ್ನು ನೋಡಿದ್ದೇ ಯಜಮಾನರು ನನ್ನ ಕೈಯಿಂದ ನೀರಿನ ಕೊಡ ಕಸಿದುಕೊಂಡರು. "ನೀವು ಕೂಡ್ರಿ ಅತ್ತಿ, ರೊಟ್ಟಿ ನಾ ಬಡಿತೀನಿ" ಎಂದಳು ಗೀತಾ. ಐದು ವಾರದ ನನ್ನ ಅಕ್ಷರಕ್ಕೆ ಸಿಗದ ಮರ್ಯಾದೆ ಒಂದು ಚುಕ್ಕಿಗೆ ಸಿಕ್ಕಿತಲ್ಲ ಎಂದು ಹೊಟ್ಟೆ ಉರಿಯಿತು. ಆದರೂ ಕೂತೆ.

ಡಾಕ್ಟರು ಮಾತ್ರ ಚುಕ್ಕಿಗೆ ಮರುಳಾಗಲಿಲ್ಲ. "ಮೈಯಾಗ ಎಲ್ಲೋ ಉರಿಯೂತ ಐತಿ ಅಂತಷ್ಟ ಇದು ಹೇಳತೈತ್ರಿ, ಎಲ್ಲೈತಿ ಅಂತ ಹೇಳಂಗಿಲ್ಲ. ಬ್ಯಾರೆ ಎಲ್ಲ್ಯಾದ್ರೂ ನೋವು ಐತೇನ್ರಿ?" ಇಲ್ಲ ಎಂದೆ. ಎಂಥ ಪ್ರೋಟೀನಪ್ಪ ಇದು! ಹರಪನಹಳ್ಳಿಯದೋ ಹಡಗಲಿಯದೋ ಹೇಳದೆ ಬಸ್ ಬಂದಿದೆ ಎಂದಷ್ಟೇ ನಿಲ್ದಾಣದ ಮೈಕಿನಲ್ಲಿ ಕೂಗಿದರೆ ನಾವು ಸುಮ್ಮನಿರುತ್ತೇವೆಯೇ ಎಂದು ನಾನು ಮನಸ್ಸಿನಲ್ಲೇ ಜಗಳಕ್ಕೆ ನಿಂತಿದ್ದಾಗ ಯಜಮಾನರು ಬಾಯಿಬಿಟ್ಟರು. "ದವಡಿ ಹಲ್ಲಿನ ಒಸಡು ಬಾತು ತಿಂಗಳಾತ್ರಿ. ಕೀಳ್ತಾರಂತ ಹೆದರಿ ಲವಂಗ ಇಟ್ಕೊಂಡು ಅಡ್ಡಾಡ್ತಾಳ." ನಿಜ. ಆ ಹಲ್ಲಿನ ಬಗ್ಗೆ ನನ್ನ ದಿನಚರಿಯಲ್ಲಿ ಒಂದು ಸಾಲೂ ಇರಲಿಲ್ಲ.

ಹಲ್ಲು ಹೋಯಿತು, ಹಿಂದೆಯೇ ಅಂಕಿಯೂ ಇಳಿಯಿತು. ಉಳಿದ ಪರೀಕ್ಷೆಗಳನ್ನೂ ನೋಡಿದ ಡಾಕ್ಟರು, ವಾತ ಅಲ್ಲ, ದುಡಿದು ಕೀಲು ಸವೆದಿವೆ, ಸವೆತ ಈ ಪ್ರೋಟೀನಿಗೆ ಕಾಣುವುದಿಲ್ಲ, ಕೈಗೆ ಬಿಡುವು ಕೊಡಿ ಎಂದರು. ನಮ್ಮವರ ಕಿವಿಗೆ ಬಿದ್ದದ್ದು 'ಅಲ್ಲ' ಎಂಬುದೊಂದೇ. ಮನೆಗೆ ಬರುವಷ್ಟರಲ್ಲಿ ಹಿಟ್ಟಿನ ಡಬ್ಬಿ ನನ್ನ ಮುಂದಿತ್ತು. ಬೆರಳುಗಳು ಮೊದಲಿನಷ್ಟೇ ನೋಯುತ್ತಿವೆ. ತೋರಿಸಲು ಚುಕ್ಕಿ ಇಲ್ಲ, ಅಷ್ಟೇ. ಕಾಗದ ಹೇಳಿದರೆ ಮಾತ್ರ ನೋವೇ, ಮನುಷ್ಯರು ಹೇಳಿದರೆ ಅಲ್ಲವೇ?

ನಿನ್ನೆ ಮಧ್ಯಾಹ್ನ ಈ ಸಿಟ್ಟನ್ನೇ ಎರಡು ಪುಟ ಬರೆಯುತ್ತ ಕೂತಿದ್ದೆ. ಗೀತಾ ಹಣೆ ಒತ್ತಿಕೊಳ್ಳುತ್ತ ಬಂದು, ಬೆಳಿಗ್ಗೆಯಿಂದ ತಲೆ ಸಿಡಿಯುತ್ತಿದೆ, ಸ್ವಲ್ಪ ಮಲಗಲೇ ಎಂದಳು. ನಾನು ಪೆನ್ನು ಕೆಳಗಿಡದೆ ಕೇಳಿದೆ:

"ರಕ್ತ ಪರೀಕ್ಷಿ ಮಾಡಿಸೀಯೇನವ್ವಾ?"