ವೈರ್‌ಮ್ಯಾನ್ ಕೊಟ್ಟ ನೋಟಿಸು

ಎಲ್ಲಕ್ಕೂ ಕಾರಣ ಮಹಡಿ ಮನೆ ಆಂಟಿಯ ಮಿಕ್ಸಿ. ಭಾನುವಾರ ಬೆಳಗ್ಗೆ ಆರಕ್ಕೇ ಅದು ವೈರ್‌ಮ್ಯಾನನ ಬಾಗಿಲಿಗೆ ಬಂತು. ಹೋದ ಭಾನುವಾರವೂ ಬಂದಿತ್ತು. ಆ ವಠಾರದ ಏಳು ಮನೆಗಳ ಫ್ಯಾನು, ಇಸ್ತ್ರಿಪೆಟ್ಟಿಗೆಗಳಿಗೆಲ್ಲ ಅವನೇ ಪುಕ್ಕಟೆ ಡಾಕ್ಟರು. ರಜೆಯ ದಿನದ ನಿದ್ದೆ ಹೇಗಿರುತ್ತದೆಂಬುದೇ ಅವನಿಗೆ ಮರೆತುಹೋಗಿತ್ತು.

ಅದಕ್ಕೇ ಊರಿನ ಆಚೆ ತುದಿಯಲ್ಲಿ ಒಂದು ರೂಮು ನೋಡಿದ್ದ. ಅಲ್ಲಿ ತಾನು ಚಪ್ಪಲಿ ಅಂಗಡಿಯವನೆಂದು ಹೇಳಿಕೊಂಡಿದ್ದ. "ಭಾನುವಾರ ಸಂಜೆ ಆರರೊಳಗೆ ಹಳೇ ಮನೆಗೆ ನೋಟಿಸು ಕೊಟ್ಟು ಫೋನ್ ಮಾಡು, ಇಲ್ಲಾಂದ್ರೆ ಬೇರೆಯವ್ರಿಗೆ ಕೊಟ್ಬಿಡ್ತೀನಿ" ಎಂದಿದ್ದರು ಅಲ್ಲಿಯ ಮಾಲೀಕರು. ಹಳೇ ಮನೆಯ ಕರಾರಿನಲ್ಲಿ, ಬಿಡುವುದಾದರೆ ತಿಂಗಳು ಮುಂಚೆ ಬರವಣಿಗೆಯಲ್ಲೇ ತಿಳಿಸಬೇಕೆಂದಿತ್ತು. ತಿಂಗಳ ಕೊನೆಯ ದಿನವೂ ಅಂದೇ.

ಆರನೇ ಕ್ಲಾಸಿನಲ್ಲೇ ಶಾಲೆಗೆ ಕೈಮುಗಿದವನು ಅವನು. ಪೆನ್ನು ಮುಟ್ಟಿದರೆ ಶಾಕ್ ಹೊಡೆದಂತಾಗುತ್ತಿತ್ತು. ಸೀದಾ ಎದುರುಮನೆಯ ಅರ್ಜಿ ತಾತನ ಹತ್ತಿರ ಹೋದ. ತಾತ ಮೂವತ್ತು ವರ್ಷ ಕೋರ್ಟಿನ ಮುಂದೆ ಕೂತು ಜನರಿಗೆ ಅರ್ಜಿ ಬರೆದುಕೊಟ್ಟವರು.

"ಮನೆ ಬಿಡೋ ವಿಷಯ ತಾತ. ಓನರಮ್ಮಂಗೆ ಒಂದು ಕಾಗದ. ಸ್ವಲ್ಪ ಮರ್ಯಾದೆಯಾಗಿ ಬರೀರಿ, ನನ್ನ ಚೆನ್ನಾಗಿ ನೋಡ್ಕೊಂಡಿದಾರೆ."

"ಮನೆ ಬಿಡೋ ವಿಷಯಾನಾ? ಅಂಥವು ಸಾವಿರ ಬರ್ದಿದೀನಿ, ಕೈಗೇ ಬಾಯಿಪಾಠ. ಅಷ್ಟರಲ್ಲಿ ನೀನು ಆ ಫ್ಯಾನ್ ನೋಡು."

ಫ್ಯಾನು ತಿರುಗಿತು, ಕಾಗದವೂ ತಯಾರಾಯಿತು. ತಾತನ ಅಕ್ಷರ ಸಿಕ್ಕುಬಿದ್ದ ವೈರಿನಂತಿತ್ತು. ಓದಲು ಹೋಗದೆ ಸಹಿ ಹಾಕಿದ.

ಓನರಮ್ಮನ ಮನೆಗೆ ಹತ್ತಬೇಕಾದ್ದು ಬರೀ ಇಪ್ಪತ್ತು ಮೆಟ್ಟಿಲು. ಆದರೆ ನಡುವೆ ಆಂಟಿಯ ಮಿಕ್ಸಿ, ಪಕ್ಕದ ಮನೆಯ ಗೀಸರು, ಟೈಲರಣ್ಣನ ಹೊಲಿಗೆ ಮಿಷನ್ನಿನ ಮೋಟರು. ಮೇಲೆ ತಲುಪಿದಾಗ ಐದೂವರೆ. ಬೆಲ್ ಒತ್ತಿದರೆ ಸದ್ದಿಲ್ಲ. ಬಾಗಿಲು ಬಡಿದರೆ ಒಳಗಿನ ಟಿವಿಯ ಗಲಾಟೆಯಲ್ಲಿ ಕೇಳಿಸದು. ಹಲ್ಲು ಕಡಿಯುತ್ತಾ ಬೆಲ್ಲನ್ನೇ ರಿಪೇರಿ ಮಾಡಿದ, ಆಮೇಲೆ ಒತ್ತಿದ.

ಅಷ್ಟರಲ್ಲಿ ತಾತನೂ ಸೇರಿ ಅರ್ಧ ವಠಾರ ಹಿಂದೆ ಬಂದು ನಿಂತಿತ್ತು. ಓನರಮ್ಮ ಬಾಗಿಲು ತೆರೆದು ಕಾಗದ ಇಸಿದುಕೊಂಡು, ಕನ್ನಡಕ ಏರಿಸಿ ಜೋರಾಗಿ ಓದಿದರು:

"ತಾಯಿ ಸಮಾನರೇ, ತಮ್ಮ ನೆರಳು ತಪ್ಪಿದರೆ ನನಗೆ ಬೇರೆ ದಿಕ್ಕಿಲ್ಲ. ದಯಮಾಡಿ ನನ್ನನ್ನು ಮನೆ ಬಿಡಿಸದೆ ಇನ್ನೂ ಐದು ವರ್ಷ ಉಳಿಸಿಕೊಳ್ಳಬೇಕಾಗಿ ಬೇಡಿಕೊಳ್ಳುತ್ತೇನೆ."

ವೈರ್‌ಮ್ಯಾನ್ ತಾತನತ್ತ ತಿರುಗಿದ. ತಾತನ ಮುಖದಲ್ಲಿ ಹೆಮ್ಮೆ ಬಿಟ್ಟು ಬೇರೇನೂ ಇರಲಿಲ್ಲ. ಮೂವತ್ತು ವರ್ಷದಲ್ಲಿ ಮನೆ ಬಿಡಿಸಬೇಡಿ ಎಂದು ಅಳುತ್ತಾ ಬಂದವರನ್ನಷ್ಟೇ ಕಂಡಿದ್ದರು. ಖುಷಿಯಿಂದ ಬಿಡುತ್ತೇನೆಂದು ಬಂದವನು ಇವನೊಬ್ಬನೇ.

"ಅಯ್ಯೋ ಮಗನೇ, ನಿನ್ನ ಯಾರೋ ಬಿಡ್ಸೋದು?" ಓನರಮ್ಮನ ಕಣ್ಣು ತುಂಬಿತ್ತು. "ಈ ರೂಮು ಕೇಳ್ಕೊಂಡು ಬಂದ ನನ್ನ ತಮ್ಮನ ಮಗನ್ನೇ ವಾಪಸ್ ಕಳ್ಸಿದೀನಿ, ನಿನಗೋಸ್ಕರ! ಐದಲ್ಲ, ಹತ್ತು ವರ್ಷ ಇರು. ಬಾಡಿಗೆ ಒಂದು ಪೈಸೆ ಏರ್ಸಲ್ಲ."

ಆಂಟಿ ಸೆರಗಿನಲ್ಲಿ ಮೂಗೊರೆಸಿಕೊಂಡರು. ವೈರ್‌ಮ್ಯಾನ್ ಬಾಯಿ ತೆರೆದ. ಅಮ್ಮ ಹೋದ ಮೇಲೆ ಅವನನ್ನು ಯಾರೂ ಮಗನೇ ಎಂದಿರಲಿಲ್ಲ. ಗಂಟಲವರೆಗೆ ಬಂದ ಸಿಟ್ಟು ಫ್ಯೂಸ್ ಹೋದಂತೆ ಅಲ್ಲೇ ಆರಿತು.

"ತುಂಬಾ ಉಪಕಾರ ಆಯ್ತಮ್ಮಾ" ಎಂದ. ಅರ್ಧಕ್ಕಿಂತ ಜಾಸ್ತಿ ನಿಜವೇ ಆಗಿತ್ತು.

ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಆರು ದಾಟಿತ್ತು, ಆಚೆಯ ರೂಮು ಬೇರೆಯವರ ಪಾಲಾಗಿತ್ತು.

ತಾತ ಬೆನ್ನು ತಟ್ಟಿದರು. "ನನ್ನ ಸರ್ವೀಸಲ್ಲೇ ನಿಂತ ನಿಲುವಲ್ಲಿ ಮಂಜೂರಾದ ಅರ್ಜಿ ಇದೇ ಮೊದಲು ಕಣಪ್ಪಾ! ಬಾ, ಆ ಫ್ಯಾನು ಮತ್ತೆ ನಿಂತಿದೆ."