ಉಂಗುರ ಬಿಡದ ಕ್ರೇನು

ನನ್ನ ನಾದಿನಿ ಗೀತಾಳ ನಿಶ್ಚಿತಾರ್ಥಕ್ಕೆ ಮಾವನವರು ನನಗೆ ವಹಿಸಿದ್ದು ಒಂದೇ ಒಂದು ಕೆಲಸ. ಹುಡುಗನಿಗೆ ತುಮಕೂರಿನಲ್ಲಿ ಮಾಡಿಸಿದ್ದ ಉಂಗುರವನ್ನು ಗುಬ್ಬಿಯ ಛತ್ರಕ್ಕೆ ತಂದು ವೇದಿಕೆಗೆ ಮುಟ್ಟಿಸುವುದು. ಜೇಬಿನಲ್ಲಿಟ್ಟುಕೊಂಡು ಬಂದು ಕೈಗೆ ಕೊಟ್ಟರೆ ಮುಗಿಯಿತು. ಇಷ್ಟು ಸುಲಭದ ಕೆಲಸವನ್ನು ಕೆಡಿಸುವುದು ಸಾಮಾನ್ಯರಿಂದ ಆಗುವುದಿಲ್ಲ. ಅದಕ್ಕೆ ತಾಂತ್ರಿಕ ಅನುಭವ ಬೇಕು. ನನಗೆ ಅದು ಧಾರಾಳವಾಗಿತ್ತು.

ಆಗ ನಾನು ವಸಂತನರಸಾಪುರದ ಒಂದು ಕಾರ್ಖಾನೆಯಲ್ಲಿ ಮೇಂಟೆನೆನ್ಸ್ ಫಿಟ್ಟರ್. ಅಲ್ಲಿಗೆ ಮಿಷಿನ್ ಇಳಿಸಲು ಕ್ರೇನ್ ಹೊತ್ತ ಲಾರಿಯೊಂದು ಬರುತ್ತಿತ್ತು. ಡ್ರೈವರ್ ಒಂದು ಹಿಡಿಯನ್ನು ಹೀಗೆ ಒತ್ತಿದರೆ ಸಾಕು, ಅದು ತೋಳು ಚಾಚಿ ಮನೆಯಷ್ಟು ದೊಡ್ಡ ಮಿಷಿನ್ನನ್ನು ಎತ್ತಿ ಪಕ್ಕಕ್ಕೆ ಇಡುತ್ತಿತ್ತು. ಅದನ್ನು ನೋಡಿದಾಗಲೆಲ್ಲ ನನಗೆ ಒಂದೇ ಯೋಚನೆ: ಇಂಥದ್ದೇ ಒಂದು ಪುಟಾಣಿ, ರಿಮೋಟಿನಲ್ಲಿ ಓಡುವುದು, ನಾನೇ ಯಾಕೆ ಮಾಡಬಾರದು? ನಮ್ಮ ಮನೆಯ ನಲ್ಲಿ ಆರು ತಿಂಗಳಿಂದ ತೊಟ್ಟಿಕ್ಕುತ್ತಿತ್ತು. ಆದರೆ ನಲ್ಲಿಯನ್ನು ಯಾರು ಬೇಕಾದರೂ ರಿಪೇರಿ ಮಾಡಬಹುದು.

ಶಿರಾ ಗೇಟಿನ ಅಂಗಡಿಯಲ್ಲಿ ಎರಡು ರಿಮೋಟ್ ಕಾರು ಕೊಂಡು ತಂದು ಅವುಗಳ ಹೊಟ್ಟೆ ಬಗೆದೆ. ಒಂದು ರಿಮೋಟು ಲಾರಿಯನ್ನು ಓಡಿಸಲು, ಇನ್ನೊಂದು ಕ್ರೇನಿಗೆ. ಲಾರಿಯ ಮೈಗೆ ಎಣ್ಣೆ ಡಬ್ಬದ ತಗಡು. ಇನ್ನು ಹೈಡ್ರಾಲಿಕ್ಸು. ಹೆಸರು ದೊಡ್ಡದಾದರೂ ಸಂಗತಿ ಸಣ್ಣದು. ಕೊಳವೆಯೊಂದರ ಎರಡು ತುದಿಗೂ ಸಿರಿಂಜ್ ಸಿಕ್ಕಿಸಿ, ಒಳಗೆ ಎಣ್ಣೆ ತುಂಬಿ, ಮೋಟಾರು ಈ ಸಿರಿಂಜನ್ನು ಒತ್ತಿದರೆ ಆ ಸಿರಿಂಜು ಹೊರಕ್ಕೆ ಬರುತ್ತದೆ, ಕ್ರೇನಿನ ತೋಳನ್ನು ಎತ್ತುತ್ತದೆ. ಇನ್ನೊಂದು ಜೋಡಿ ಸಿರಿಂಜು ತೋಳಿನ ತುದಿಯ ಇಕ್ಕಳವನ್ನು ಬಿಗಿಯುವುದಕ್ಕೆ, ಬಿಡುವುದಕ್ಕೆ.

"ನಾಲ್ಕು ಸಿರಿಂಜು ಕೊಡಿ, ಸೂಜಿ ಬೇಡ. ಎರಡು ಡ್ರಿಪ್ ಪೈಪು," ಎಂದು ಔಷಧಿ ಅಂಗಡಿಯಲ್ಲಿ ಕೇಳಿದೆ.

"ಯಾರಿಗೆ ಸಾರ್ ಹುಷಾರಿಲ್ಲ?"

"ಲಾರಿಗೆ."

ಅವನು ಮತ್ತೇನೂ ಕೇಳದೆ ಕಟ್ಟಿಕೊಟ್ಟ.

ಮೊದಲು ನೀರು ತುಂಬಿ ನೋಡಿದೆ, ಸೋರಿತು. ಎಂಜಿನ್ ಆಯಿಲ್ ತುಂಬಿದೆ, ಮನೆಯೆಲ್ಲ ಗ್ಯಾರೇಜಿನ ವಾಸನೆ. ಆಗ ನನ್ನ ಕಣ್ಣು ಕನ್ನಡಿಯ ಪಕ್ಕದ ಸೀಸೆಯ ಮೇಲೆ ಬಿತ್ತು. ಹಾಗಲವಾಡಿಯ ಮಾವನವರ ತೋಟದ ಕಾಯಿ, ಗಾಣದಲ್ಲಿ ಆಡಿಸಿದ ಅಪ್ಪಟ ಕೊಬ್ಬರಿ ಎಣ್ಣೆ. ತುಂಬಿ ಗುಂಡಿ ಒತ್ತಿದೆ. ತೋಳು ಸದ್ದಿಲ್ಲದೆ ಮೇಲೆದ್ದಿತು. ಎಂಥ ನುಣುಪು, ಎಂಥ ಘಮ! ಇಷ್ಟು ವರ್ಷ ಕ್ರೇನ್ ತಯಾರಿಸಿದರೂ ಜಪಾನಿನವರಿಗೆ ಇದು ಹೊಳೆಯಲಿಲ್ಲವಲ್ಲ ಎಂದು ಅವರ ಮೇಲೆ ಕನಿಕರ ಬಂತು.

ಮಟಮಟ ಮಧ್ಯಾಹ್ನ ತಾರಸಿಯ ಮೇಲೆ ಕ್ರೇನಿನಿಂದ ಕುಂಕುಮದ ಭರಣಿ ಎತ್ತಿಸುತ್ತಿದ್ದಾಗ, ಒಣಗಿದ ಬಟ್ಟೆ ತೆಗೆಯಲು ನನ್ನ ಹೆಂಡತಿ ಶಾರದೆ ಬಂದಳು.

"ಉಂಗುರ ಇದ್ರಲ್ಲೇ ಹೋಗೋದು ಕಣೇ ವೇದಿಕೆಗೆ," ಎಂದೆ. "ಬೀಗರು ಮೂಗಿನ ಮೇಲೆ ಬೆರಳಿಡ್ಬೇಕು."

ಅವಳು ಬಟ್ಟೆಯ ಸಮೇತ ಅಲ್ಲೇ ಕುಳಿತಳು. "ರೀ, ಗೀತಂಗೆ ಆಗ್ಲೇ ಎರಡು ಸಂಬಂಧ ತಪ್ಪೋಗಿದೆ. ಒಂದು ಜಾತಕ ಕೂಡ್ಲಿಲ್ಲ ಅಂತ. ಇನ್ನೊಂದು, ಹೊರಡೋವಾಗ ಅವರಜ್ಜಿ ಸೀನಿದ್ರು ಅಂತ. ಇದೂ ತಪ್ಪಿದ್ರೆ ಇನ್ಯಾರ ಮುಂದೂ ಬಂದು ಕೂರಲ್ಲ ಅಂದವ್ಳೆ. ನಿಮ್ಮ ದಮ್ಮಯ್ಯ, ಉಂಗುರ ಜೇಬಲ್ಲಿಟ್ಕೊಂಡು ಬನ್ನಿ."

"ಸರಿ," ಎಂದೆ. ಗಂಡಂದಿರು ಹೇಳುವ 'ಸರಿ'ಯನ್ನು ಹೆಂಗಸರು ಇಂದಿಗೂ ನಂಬುತ್ತಾರಲ್ಲ, ಅದು ನನಗೆ ಆಶ್ಚರ್ಯ.

ಮಾಘ ಮಾಸ. ಸೋಮವಾರ ಬೆಳಿಗ್ಗೆ ಏಳೂವರೆಗೆ ರಾಹುಕಾಲ ಹಿಡಿಯುತ್ತದೆ, ಅಷ್ಟರೊಳಗೆ ಉಂಗುರ ಬದಲಾಗಬೇಕು ಎಂದು ಪುರೋಹಿತರು ಕಟ್ಟುನಿಟ್ಟಾಗಿ ಹೇಳಿದ್ದರು. ಐದು ಗಂಟೆಗೆ ಶಾರದೆ ಸೀರೆ ಉಡುತ್ತಿದ್ದಾಗ, ನಾನು ಬಿಸಿನೀರಿನ ಒಲೆಯ ಪಕ್ಕ ಕುಳಿತು ಉಂಗುರವನ್ನು ಇಕ್ಕಳಕ್ಕೆ ಕಚ್ಚಿಸಿದೆ. ಹ್ಯಾಕ್ಸಾ ಬ್ಲೇಡಿನ ಚೂರಿನಿಂದ ಮಾಡಿದ ಇಕ್ಕಳ, ಹಲ್ಲೆಲ್ಲ ಚೂಪು. ಗಟ್ಟಿಯಾಗಿ ಹಿಡಿಯಿತು. "ಉಂಗುರ ಭದ್ರವಾಗಿದೆಯಾ?" ಎಂದು ಶಾರದೆ ಕೇಳಿದಳು. "ಯಾರ ಕೈಲೂ ಕೀಳಕ್ಕಾಗಲ್ಲ, ಅಷ್ಟು ಭದ್ರ," ಎಂದೆ. ಅಂದು ನಾನು ಆಡಿದ ಮಾತುಗಳಲ್ಲಿ ನಿಜವಾದದ್ದು ಅದೊಂದೇ.

ಬಸ್ಸಿನಲ್ಲಿ ಶಾರದೆ ಮುಂದೆ ಹೆಂಗಸರ ಸೀಟಿನಲ್ಲಿ, ನಾನು ಹಿಂದೆ ಕಿಟಕಿಯ ಪಕ್ಕ. ಕಿಟಕಿಯ ಗಾಜು ಮುಚ್ಚುತ್ತಿರಲಿಲ್ಲ. ಅಕ್ಕಪಕ್ಕದವರು ನೋಡಲಿ ಎಂದು ಲಾರಿಗೆ ಸುತ್ತಿದ್ದ ಟವೆಲನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡಿದ್ದೆ. ಗುಬ್ಬಿಯವರೆಗೂ ಕೊರೆಯುವ ಗಾಳಿ. ನನಗೆ ಮಫ್ಲರ್ ಇತ್ತು. ಲಾರಿಗೆ ಇರಲಿಲ್ಲ.

ಏಳು ಗಂಟೆಗೆ ಗೀತಾ ವೇದಿಕೆಗೆ ಬಂದು ಕುಳಿತಳು. ಎದುರಿಗೆ ಹುಡುಗ ಮಂಜುನಾಥ, ಕುಣಿಗಲ್ಲಿನಲ್ಲಿ ಹೈಸ್ಕೂಲು ಮೇಷ್ಟ್ರು. ಅವನ ಪಕ್ಕದಲ್ಲಿ ಅವನ ತಾಯಿ, ಬಂದಾಗಿನಿಂದ ಒಮ್ಮೆಯೂ ನಗದ ಹೆಂಗಸು. "ಉಂಗುರ ತರಿಸಿ," ಎಂದರು ಪುರೋಹಿತರು. ನಾನು ಬಾಗಿಲಲ್ಲಿ ನಿಂತು ರಿಮೋಟ್ ಒತ್ತಿದೆ. ಲಾರಿ ಜಮಖಾನೆಯ ಮೇಲೆ ಗರಗರ ಓಡಿ ಬಂದು ಗೀತಾಳ ಮುಂದೆ ನಿಂತಿತು. ಜನ ಚಪ್ಪಾಳೆ ತಟ್ಟಿದರು. ಶಾರದೆ ಮಾತ್ರ ತಟ್ಟಲಿಲ್ಲ.

ಇನ್ನೊಂದು ರಿಮೋಟ್ ಒತ್ತಿದೆ. ತೋಳು ಬಗ್ಗಲಿಲ್ಲ. ಇಕ್ಕಳ ಬಾಯಿ ಬಿಡಲಿಲ್ಲ. ಮೋಟಾರು ಮಾತ್ರ 'ಗುಂಯ್' ಎಂದಿತು. ಮತ್ತೆ ಒತ್ತಿದೆ. ಗುಂಯ್. ಸೆಲ್ ಬದಲಾಯಿಸಿದೆ. ಗುಂಯ್ ಸ್ವಲ್ಪ ಜೋರಾಯಿತು, ಅಷ್ಟೆ.

"ಏನಾಯ್ತು ಅಳಿಯಂದ್ರೆ?" ಎಂದರು ಮಾವ.

"ಏನಿಲ್ಲ ಮಾವ. ಹೈಡ್ರಾಲಿಕ್ ಪ್ರೆಶರ್ ಲಾಕ್ ಆಗಿದೆ." ಗೊತ್ತಿಲ್ಲದ್ದನ್ನು ಇಂಗ್ಲಿಷಿನಲ್ಲಿ ಹೇಳಿದರೆ ಒಂದೆರಡು ನಿಮಿಷ ಸಿಗುತ್ತದೆ. ಎರಡು ನಿಮಿಷವೂ ಆಯಿತು. ಮಾವ ತಾವೇ ಕೈ ಹಾಕಿ ಉಂಗುರವನ್ನು ಎಳೆದರು. ಲಾರಿಯೇ ಮೇಲೆದ್ದು ಬಂತು.

"ಎಳೀಬೇಡಿ ಮಾವ, ಬ್ಲೇಡಿನ ಹಲ್ಲು. ಉಂಗುರ ಕುಯ್ದೋಗುತ್ತೆ."

ಏಳೂ ಹತ್ತು. ಹುಡುಗನ ಕಡೆಯ ಹೆಂಗಸೊಬ್ಬರು ಪಕ್ಕದವರ ಕಿವಿಯಲ್ಲಿ, ಛತ್ರಕ್ಕೆಲ್ಲ ಕೇಳುವಂತೆ, "ಉಂಗುರನೇ ಬಿಡಾಕಿಲ್ಲ ಅಂತದಲ್ಲ, ಇದೇನ್ ಶಕುನವೋ," ಎಂದರು. ಗೀತಾ ತಲೆ ತಗ್ಗಿಸಿದ್ದವಳು ಮೆಲ್ಲಗೆ ನನ್ನನ್ನು ನೋಡಿದಳು. ಕಣ್ಣಲ್ಲಿ ನೀರು ತುಂಬಿತ್ತು. "ಭಾವ..." ಎಂದಳು. ಅಷ್ಟೇ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಒಂದು ಮಾತನ್ನು ತಡೆದುಕೊಳ್ಳಲಾಗಲಿಲ್ಲ. ಒಂದು ಹುಡುಗಿಯ ಬದುಕನ್ನು ತಗಡಿನ ಲಾರಿಗೆ ಏರಿಸಿದ ಮೂರ್ಖ ನಾನು ಎಂದು ಆಗ, ಆಗಲೇ, ನನಗೆ ಅರ್ಥವಾಯಿತು.

ಮಂಜುನಾಥ ಎದ್ದು ಬಂದು ಲಾರಿಯ ಮುಂದೆ ಕುಕ್ಕರುಗಾಲಲ್ಲಿ ಕುಳಿತ. ಅವನ ಕಣ್ಣು ಹೊಳೆಯುತ್ತಿತ್ತು.

"ಲೋ ಮಂಜ, ನೀನ್ ಮಾತ್ರ ಕೈ ಹಾಕ್ಬೇಡ," ಎಂದು ಅವನ ತಾಯಿ ಗದರಿದರು. ಆಮೇಲೆ ತಾವೇ ಬಗ್ಗಿ ಕೊಳವೆಯನ್ನು ನೋಡಿದರು. ಒಳಗೆ ಬೆಳ್ಳಗೆ, ಮೇಣದ ಬತ್ತಿಯ ಹಾಗೆ ಏನೋ ನಿಂತಿತ್ತು.

"ಇದಕ್ಕೇನ್ ತುಂಬಿದೀಯಪ್ಪ?"

"ಎಣ್ಣೆ."

"ಯಾವ ಎಣ್ಣೆ?"

"ಕೊಬ್ಬರಿ ಎಣ್ಣೆ," ಎಂದೆ. ಹೇಳುತ್ತಿದ್ದಂತೆಯೇ ನನಗೂ ಹೊಳೆಯಿತು.

ಛತ್ರದಲ್ಲಿದ್ದವರೆಲ್ಲ ತೆಂಗಿನ ತೋಟದವರು. ಮಾಘದ ಬೆಳಿಗ್ಗೆ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುತ್ತದೆ, ತಲೆಗೆ ಹಚ್ಚಬೇಕಾದರೆ ಸೀಸೆಯನ್ನು ಬಿಸಿಲಿಗಿಡಬೇಕು ಎಂಬುದು ಅಲ್ಲಿ ಹಾಲು ಹಲ್ಲಿನ ಮಕ್ಕಳಿಗೂ ಗೊತ್ತು. ಗೊತ್ತಿಲ್ಲದವನು ಹೈಡ್ರಾಲಿಕ್ಸ್ ಬಲ್ಲವನೊಬ್ಬನೇ.

"ಅಡುಗೆಮನೆಗೆ ತತ್ತಾ," ಎಂದು ಆಕೆ ಮುಂದೆ ನಡೆದರು. ಲಾರಿ ಹೊತ್ತು ನಾನು, ನನ್ನ ಹಿಂದೆ ಮದುಮಗ, ಅವನ ಹಿಂದೆ ಅರ್ಧ ಛತ್ರ. ಭಟ್ಟರು ಇಡ್ಲಿ ಪಾತ್ರೆಯ ಮುಚ್ಚಳ ತೆಗೆದರು. ಒಂದು ಕೈಯಲ್ಲಿ ರಿಮೋಟ್ ಒತ್ತುತ್ತ, ಇನ್ನೊಂದರಲ್ಲಿ ಲಾರಿಯನ್ನು ಹಬೆಗೆ ಹಿಡಿದೆ. ಕೊಳವೆಯ ಬಿಳುಪು ಅಂಚಿನಿಂದ ಕರಗುತ್ತ ಬಂತು. ಕೈ ಸುಟ್ಟಿತು, ಲಾರಿಯನ್ನು ಪಕ್ಕಕ್ಕೆ ಸರಿಸಿದೆ. ಗಾಬರಿಯಲ್ಲಿ ರಿಮೋಟಿನ ಗುಂಡಿಯ ಮೇಲಿನ ಬೆರಳು ಹಾಗೆಯೇ ಒತ್ತಿಕೊಂಡಿತ್ತು. ಆ ಗಳಿಗೆಯಲ್ಲೇ ಇಕ್ಕಳ ಬಾಯಿ ಬಿಟ್ಟಿತು.

ಪಕ್ಕದಲ್ಲಿದ್ದದ್ದು ಚಟ್ನಿಯ ಕೊಳಗ. ಇಡೀ ಛತ್ರಕ್ಕೆ ರುಬ್ಬಿದ ಕಾಯಿಚಟ್ನಿ. 'ಬುಳಕ್' ಎಂದಿತು.

"ಅಯ್ಯೋ, ಮಡಿ!" ಎಂದು ಭಟ್ಟರು ಕೂಗುವಷ್ಟರಲ್ಲಿ ಮಂಜುನಾಥ ರೇಷ್ಮೆ ಅಂಗಿಯ ತೋಳು ಮಡಚಿ ಮೊಣಕೈವರೆಗೆ ಕೈ ಇಳಿಸಿಬಿಟ್ಟಿದ್ದ. ಎರಡು ಸುತ್ತು ತಿರುವಿದ. ಮುಖ ಅರಳಿತು. "ಸಿಕ್ತು," ಎಂದ.

ಏಳೂ ಇಪ್ಪತ್ತೆಂಟಕ್ಕೆ ಗೀತಾ ಅವನ ಬೆರಳಿಗೆ ಉಂಗುರ ತೊಡಿಸಿದಳು. ಒಗ್ಗರಣೆಯ ಸಾಸಿವೆಯೊಂದು ಅವನ ಉಗುರಿನ ಸಂದಿಯಲ್ಲಿತ್ತು. ಅವಳು ಅದನ್ನು ನೋಡಿ ನಕ್ಕಳು, ಅವನೂ ನಕ್ಕ. ನನಗೆ ಹೋದ ಜೀವ ಬಂದಂತಾಯಿತು. ಹೋಗಿ ಕಂಬಕ್ಕೆ ಒರಗಿ ನಿಂತು, ಯಾರಿಗೂ ಕಾಣದಂತೆ ಮಫ್ಲರಿನಲ್ಲಿ ಕಣ್ಣು ಒರೆಸಿಕೊಂಡೆ. ಅಡುಗೆಮನೆಯ ಮೂಲೆಯಲ್ಲಿ ಲಾರಿ, ಅಂಟಿಸಿದ್ದ ಭಾಗಗಳೆಲ್ಲ ಬಿಟ್ಟುಕೊಂಡು, ಎಣ್ಣೆಯ ನಡುವೆ ಮಲಗಿತ್ತು. ಅದನ್ನು ಎತ್ತಲು ಯಾವ ಕ್ರೇನೂ ಬರಲಿಲ್ಲ.

ತಿಂಡಿಗೆ ಕುಳಿತಾಗ ಮಂಜುನಾಥನ ತಾಯಿ ನಮ್ಮ ಮಾವನ ಕಡೆ ತಿರುಗಿದರು. ನಾನು ಎತ್ತಿದ ತುತ್ತನ್ನು ಎಲೆಗೇ ಇಳಿಸಿದೆ.

"ಬೀಗ್ರೆ, ಒಂದು ವಿಷ್ಯ ನಿಮ್ಗೆ ಹೇಳಿರ್ನಿಲ್ಲ. ನಮ್ಮ ಮಂಜ ಮನೇಲಿ ಮಿಕ್ಸಿ ಬಿಚ್ಚವ್ನೆ, ಫ್ಯಾನ್ ಬಿಚ್ಚವ್ನೆ, ಹೊಸ ಟೀವಿನೂ ಬಿಚ್ಚವ್ನೆ. ಒಂದನ್ನೂ ತಿರ್ಗ ಜೋಡಿಸಿಲ್ಲ. ಇದು ಗೊತ್ತಾದ್ರೆ ನೀವೆಲ್ಲಿ ಹೆಣ್ ಕೊಡಾಕಿಲ್ವೋ ಅಂತ ತಿಂಗಳಿಂದ ನಂಗೆ ನಿದ್ದೆ ಇಲ್ಲ." ಆಕೆ ನನ್ನತ್ತ ನೋಡಿ ಮೊದಲ ಸಲ ನಕ್ಕರು. "ಇವತ್ತು ನಿಮ್ಮ ಅಳಿಯನ್ನ ನೋಡಿದ್ಮೇಲೆ ಧೈರ್ಯ ಬಂತು ಬುಡಿ. ಇಂಥವ್ರನ್ನ ಹತ್ತು ವರ್ಷ ಇಟ್ಕೊಂಡಿರೋ ಮನೆ, ನಮ್ಮ ಹುಡುಗುನ್ನ ಇಟ್ಕೊಳ್ದೆ ಇದ್ದಾದಾ?"

ಸಾಲಿಗೆ ಸಾಲೇ ನಕ್ಕಿತು. ಹೆಂಡತಿಯಾದವಳು ಈಗಲಾದರೂ ಒಂದು ಮಾತು ನನ್ನ ಪರ ಆಡುತ್ತಾಳೆಂದು ಶಾರದೆಯ ಮುಖ ನೋಡಿದೆ. ಅವಳು ಕೇಸರಿಭಾತಿನ ಪಾತ್ರೆಯನ್ನು ಕೆಳಗಿಟ್ಟು, ಸೆರಗಿನಲ್ಲಿ ಹಣೆ ಒರೆಸಿಕೊಂಡಳು.

"ಹತ್ತಲ್ಲಮ್ಮ," ಎಂದಳು. "ಹನ್ನೊಂದು."